ಹಿಂದಿನಿಂದ ಬರುವ ಚಿಗವ್ವ

ನಮ್ಮ ಚಿಗವ್ವ, ಅಂದರೆ ಅವ್ವನ ತಂಗಿ, ನನ್ನ ಮುಖವನ್ನು ಇವತ್ತಿನವರೆಗೂ ಸರಿಯಾಗಿ ನೋಡಿದ್ದಾಳೆಂದು ನನಗೆ ನಂಬಿಕೆಯಿಲ್ಲ! ಕಾಲು ಮಾತ್ರ ಚೆನ್ನಾಗಿ ನೋಡಿದ್ದಾಳೆ. ಯಾರ ಜೊತೆಗೂ ಸಮಸಮವಾಗಿ ನಡೆಯುವವಳಲ್ಲ. "ನೀವು ಮುಂದ ಹೋಗ್ರಿ, ನಾ ಹಿಂದಿಂದ ಬರ್ತೀನಿ" ಎಂದು ಹಿಂದೆ ಉಳಿದುಬಿಡುತ್ತಾಳೆ. ಸಂಕೋಚವೇ? ಛೆ, ಅದು ಅವಳ ಉದ್ಯೋಗ! ಮನುಷ್ಯ ಹೆಜ್ಜೆ ಎತ್ತಿಡುವಾಗ ಯಾವ ಸ್ನಾಯು ಎಳೆಯುತ್ತದೆ, ಯಾವ ಕೀಲು ಹೇಗೆ ತಿರುಗುತ್ತದೆ ಎಂದು ಅಳೆಯುವ ಬಯೋಮೆಕ್ಯಾನಿಕ್ಸ್ ಸಂಶೋಧಕಿ ಆಕೆ. ಈ ಹುಚ್ಚು ಒಂದು ದಿನ ನಮ್ಮ ಅಜ್ಜಿಯನ್ನು, ನಾವು ಕರೆಯುವಂತೆ ಆಯಿಯನ್ನು, ಹಾಸಿಗೆಯಿಂದ ಎಬ್ಬಿಸಬೇಕಾಗಿ ಬರುತ್ತದೆಂದು ಯಾರಿಗೆ ಗೊತ್ತಿತ್ತು?

ಕಾಲೇಜಿನಲ್ಲಿ ಅವಳಿಗೊಂದು ಪ್ರಯೋಗಾಲಯವಿದೆ. ಆದರೆ ಅಸಲಿ ಪ್ರಯೋಗಾಲಯ ಗಾಂಧಿ ಚೌಕದ ಬಜಾರು. ಒಮ್ಮೆ ಕಾಯಿಪಲ್ಲೆಯ ಚೀಲ ನನ್ನ ಕೈಗೆ ತುರುಕಿ, ಮೂಟೆ ಹೊತ್ತ ಹಮಾಲನೊಬ್ಬನ ಬೆನ್ನು ಹತ್ತಿಬಿಟ್ಟಳು. ಅವನು ಗಾಬರಿಯಿಂದ ತಿರುಗಿ, "ಯಾಕ್ರಿ ಅಕ್ಕಾರ, ಏನ ಬೇಕಾಗಿತ್ತು?" ಎಂದ.

"ಏನಿಲ್ಲಪಾ, ನಿನ್ನ ಸೊಂಟದ ಸ್ನಾಯು ಭಾಳ ಛಂದ ಕೆಲಸ ಮಾಡಾಕತ್ತಾವ!"

ನಾನು ಬಾಳೆಹಣ್ಣಿನ ಗಾಡಿಯ ಮರೆಗೆ ಸರಿದೆ.

ನನ್ನನ್ನು ನೋಡಲು ತಿಕೋಟಾದಿಂದ ಗಂಡಿನವರು ಬಂದ ದಿನವಂತೂ ಕೇಳಲೇಬೇಡಿ. ಉಪ್ಪಿಟ್ಟು ಮುಗಿದ ಮೇಲೆ ಅವರ ಕಡೆಯ ಹಿರಿಯರೊಬ್ಬರು, "ಹುಡುಗಿ ಒಂದೀಟ ನಡದ ತೋರಸ್ಲಿ" ಎಂದರು. ನನಗೆ ಮೈಯೆಲ್ಲ ಉರಿಯಿತು. ಚಿಗವ್ವ ಮಾತ್ರ ಉತ್ಸಾಹದಿಂದ ಕುರ್ಚಿ ಮುಂದಕ್ಕೆಳೆದು, "ಛಲೋ ಮಾತು ಹೇಳಿದ್ರಿ! ಮೊದಲ ಹುಡುಗ ನಡೀಲಿ. ಪ್ಯಾಂಟ್ ಮೊಣಕಾಲ ತನಕ ಏರಸ್ಕೋರಿ" ಎಂದಳು. ಪಾಪ, ಹುಡುಗ ನಡೆದ. ಹೆದರಿಕೆಗೆ ಬಲಗಾಲಿನ ಜೊತೆ ಬಲಗೈಯನ್ನೇ ಬೀಸಿದ! ಹೆಂಗಸರೆಲ್ಲ ಸೆರಗು ಬಾಯಿಗಿಟ್ಟುಕೊಂಡರು. "ಹುಡುಗ ಛಲೋ ಅದಾನ. ಆದ್ರ ಹೊರಗ ಬಿಟ್ಟಾನಲ್ಲ, ಆ ಬೂಟ ಇವನವಲ್ಲ. ಬೆರಳ ಕಚ್ಯಾವ" ಎಂದು ಚಿಗವ್ವನ ತೀರ್ಪು ಬಂತು. ಬೂಟು ನಿಜವಾಗಿ ಅವರಣ್ಣನದು! ನಾನು ಆ ಹುಡುಗನನ್ನೇ ಮದುವೆಯಾದೆ. ಇಂದಿಗೂ ಚಿಗವ್ವ ಮನೆಗೆ ಬಂದರೆ ನಮ್ಮ ಯಜಮಾನರು ಕುರ್ಚಿ ಬಿಟ್ಟು ಏಳುವುದಿಲ್ಲ.

ಇನ್ನು ಕಾಖಂಡಕಿಯಲ್ಲಿರುವ ಆಯಿ, ಚಿಗವ್ವನ ಹೆತ್ತ ತಾಯಿ. ರೊಟ್ಟಿ ಬಡಿಯುವ ಭುಜ ಹೇಗೆ ದಣಿಯುತ್ತದೆಂದು ತಿಳಿಯಲು ಚಿಗವ್ವ ಒಮ್ಮೆ ಆಯಿಯ ತೋಳಿಗೆಲ್ಲ ತಂತಿ ಅಂಟಿಸಿದ್ದಳು. ಬಾಗಿಲಲ್ಲಿ ಇಣುಕಿದ ನೆರೆಯಾಕೆ ತಂತಿ ಕಂಡು, ಆಯಿಗೆ ಹಾರ್ಟ್ ಅಟ್ಯಾಕ್ ಆಗಿದೆಯೆಂದು ಓಣಿಗೆಲ್ಲ ಸುದ್ದಿ ಮುಟ್ಟಿಸಿದಳು. ಬಿಸ್ಕೀಟು, ಎಳನೀರು ಹಿಡಿದು ಜನ ಬಂದೇ ಬಂದರು. ಬಂದವರಿಗೆಲ್ಲ ಆಯಿ ತಂತಿ ಸಮೇತ ಕುಳಿತು ಬಿಸಿ ರೊಟ್ಟಿ ಬಡಿದು ಹಾಕಿದಳು!

ಅಂಥ ಆಯಿ ಕಳೆದ ಬೇಸಿಗೆಯಲ್ಲಿ ಬಚ್ಚಲಲ್ಲಿ ಜಾರಿಬಿದ್ದು ಸೊಂಟದ ಎಲುಬು ಮುರಿದುಕೊಂಡಳು. ಆಪರೇಷನ್ ಚೆನ್ನಾಗಿಯೇ ಆಯಿತು. ಡಾಕ್ಟರು ನಡೆಯಿರಿ ಎಂದರು. ಆಯಿ ಏಳಲೇ ಇಲ್ಲ. "ನನ್ನ ಒಲಿ ಮುಂದಿನ ದಿನ ಮುಗದ್ವು, ಬಿಡ್ರಿ" ಎಂದು ಗೋಡೆಯ ಕಡೆ ಮುಖ ತಿರುಗಿಸಿದಳು. ಹೀಗೇ ಮಲಗಿದರೆ ಆಯಿ ನಮಗೆ ಉಳಿಯುವುದಿಲ್ಲವೆಂದು ಎಲ್ಲರಿಗೂ ಒಳಗೊಳಗೇ ಭಯ.

ಚಿಗವ್ವ ಬಂದಳು. ಒಲೆಯ ಪಕ್ಕ ಮೊಬೈಲ್ ನಿಲ್ಲಿಸಿ ವಿಡಿಯೋ ಚಾಲೂ ಮಾಡಿ, ಆಯಿಯನ್ನು ಎಬ್ಬಿಸಿ ಕೈಗೆ ವಾಕರ್ ಕೊಟ್ಟು, ತನ್ನ ಪದ್ಧತಿಯಂತೆ ಹಿಂದೆ ನಿಂತಳು.

"ನಡಿ ಯವ್ವಾ, ಅಂಜಬ್ಯಾಡ. ನಾ ಹಿಂದ ಅದೀನಿ."

"ನೀ ಹಿಂದ ನಿಂತ್ರ ನನಗ ನಿನ್ನ ಮಾರಿ ಹೆಂಗ ಕಾಣ್ತದ?" ಎಂದಳು ಆಯಿ.

ಚಿಗವ್ವ ಸುತ್ತಿ ಮುಂದೆ ಬಂದು, ಎರಡೂ ಕೈ ಚಾಚಿ, ಅಂಬೆಗಾಲಿನ ಮಗುವನ್ನು ಕರೆಯುವಂತೆ "ಬಾ, ಬಾ" ಎನ್ನುತ್ತ ಹಿಂದಕ್ಕೆ ಸರಿಯತೊಡಗಿದಳು. ಆಯಿ ಅವಳನ್ನೇ ನೋಡುತ್ತ ಒಲೆಯವರೆಗೂ ನಡೆದುಬಂದಳು.

ವಿಡಿಯೋ ಹಾಕಿ ನೋಡಿದರೆ ಆಯಿಯ ಕಾಲೇ ಇಲ್ಲ, ಬರೀ ಚಿಗವ್ವನ ಬೆನ್ನು! ನಾನು ನಗುತ್ತ ಕೇಳಿದೆ, "ಚಿಗವ್ವಾ, ಆಯಿ ಮೊದಲ ಯಾವ ಕಾಲ ಎತ್ತಿದ್ಲು?"

ಚಿಗವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ನಾ ಮಾರೀನ ನೋಡಾಕತ್ತಿದ್ದೆ ಬೇ" ಎಂದಳು.