ಕುಂಗ್‌ಫು ಮಾವನ ನಮಸ್ಕಾರ

ನನ್ನ ಚಿಕ್ಕಮಾವ, ಅಂದರೆ ಅಮ್ಮನ ತಮ್ಮ, ಶ್ರೀರಾಂಪುರದ ಸುತ್ತಮುತ್ತಲಿನ ಏಕೈಕ ಕುಂಗ್‌ಫು ಪಂಡಿತ. ಈ ಪಂಡಿತರು ಇಲ್ಲಿಯವರೆಗೆ ಯಾರಿಗೂ ಒಂದೇಟು ಹೊಡೆದಿಲ್ಲ. ತಿಂದದ್ದು ಮಾತ್ರ ಒಂದು, ಅದೂ ಟಗರಿನಿಂದ!

ಕುರಿ ಮೇಯಿಸುತ್ತಾ ಮೊಬೈಲಿನಲ್ಲಿ ಚೀನಾದ ಹೊಡೆದಾಟದ ಸಿನಿಮಾ ನೋಡುವುದು ಇವನ ಚಾಳಿ. ಮಾತು ತೆಲುಗಿನಲ್ಲಿದ್ದರೂ ಸರಿ, ತುಟಿ ಒಂದು ಕಡೆ ಮಾತು ಒಂದು ಕಡೆಯಾದರೂ ಸರಿ. ಲೋಕವೆಲ್ಲ ಹಾರಿ ಒದೆಯುವುದನ್ನು ನೋಡಿದರೆ ಇವನ ಕಣ್ಣಿಗೆ ಬಿದ್ದದ್ದು ಅದಕ್ಕೂ ಮುಂಚಿನದು. ಹೊಡೆದಾಡುವ ಇಬ್ಬರೂ ಮೊದಲು ಬಲಗೈ ಮುಷ್ಟಿಯನ್ನು ಎಡ ಅಂಗೈಗೆ ಒತ್ತಿ, ಒಬ್ಬರಿಗೊಬ್ಬರು ಬಗ್ಗಿ ನಮಸ್ಕರಿಸುತ್ತಾರಲ್ಲ, ಅದು! ಅಷ್ಟು ನೋಡಿ, ಹೊಡೆದಾಟ ಶುರುವಾದರೆ ಕುರಿ ತಿರುಗಿಸಲು ಎದ್ದುಹೋಗುತ್ತಿದ್ದ.

ಮೊದಲು ಸಿಟ್ಟೆಂಬುದು ಇವನ ಮೂಗಿನ ತುದಿಯಲ್ಲೇ ಇತ್ತು. ನನ್ನ ಮದುವೆಯಲ್ಲಿ ಹೋಳಿಗೆ ಬಡಿಸುತ್ತಾ ಬಂದವನು ಸ್ವಂತ ಅಣ್ಣನ ಎಲೆಯನ್ನೇ ಮರೆತು ಮುಂದೆ ಹೋದ. ದೊಡ್ಡಮಾವ ಪಂಕ್ತಿಯಲ್ಲೇ ಬೈದ. ಇವನು "ನೀನೇ ಬಡಿಸ್ಕ" ಎಂದು ಬುಟ್ಟಿ ಕುಕ್ಕಿ ಹೊರಟೇಬಿಟ್ಟ. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಅಮ್ಮ ಯುಗಾದಿಗೆ ಒಬ್ಬನನ್ನು, ದೀಪಾವಳಿಗೆ ಇನ್ನೊಬ್ಬನನ್ನು ಕರೆದು, ಎರಡು ಹಬ್ಬದಲ್ಲೂ ಅಳುತ್ತಿದ್ದಳು.

ಅಂಥವನು ಯಾವ ಜಗಳಕ್ಕಾದರೂ ಮೊದಲು ನಮಸ್ಕಾರ ಕಡ್ಡಾಯ ಎಂದು ನಿಯಮ ಮಾಡಿಕೊಂಡ. ಮೊದಲ ಪ್ರಯೋಗ ಉಣ್ಣೆ ಕತ್ತರಿಸಲು ಬಿಡದ ಟಗರಿನ ಮೇಲೆ. ಇವನು ಬಗ್ಗಿದ. ಟಗರೂ ತಲೆ ಬಗ್ಗಿಸಿತು. ಪಾಪ, ಅದರ ಗುರುಕುಲವೇ ಬೇರೆ! ವಾರವೆಲ್ಲ ಅತ್ತೆ ಇವನ ಎದೆಗೆ ಉಪ್ಪಿನ ಶಾಖ ಕೊಟ್ಟಳು.

ಹೊಸದುರ್ಗದ ಬಸ್ಸಿನಲ್ಲಿ ಸೀಟಿಗೆಂದು ಇವನು ಕಿಟಕಿಯಿಂದ ಹಾಕಿದ್ದ ಟವೆಲ್ಲನ್ನು ಯಾರೋ ಎತ್ತಿ ಎಸೆದು ಕುಳಿತಿದ್ದ. ಮಾವ ಎದುರು ನಿಂತು ಬಗ್ಗಿದ. ಆ ಮನುಷ್ಯ ಕಕ್ಕಾಬಿಕ್ಕಿ. "ಏನ್ರಿ, ಎಲೆಕ್ಷನ್‌ಗೆ ನಿಂತೀರೇನು?" ಎಂದ. ಬಸ್ಸಿಗೆ ಬಸ್ಸೇ ನಕ್ಕಿತು. ಅವನೇ ಸರಿದು, "ಬರ್ರಿ, ಕುಂತ್ಕಳ್ರಿ" ಎಂದು ಜಾಗ ಕೊಟ್ಟ.

ಈ ವಿದ್ಯೆ ಅತ್ತೆಯ ಹತ್ತಿರ ಮಾತ್ರ ನಡೆಯದು. "ನಾಟಕ ಸಾಕು ಮಾಡ್ರಿ. ಸಂತೆಗೋಗಿ ಬರಿಗೈಲಿ ಬಂದೀರಲ್ಲ, ಮೆಣಸಿನಕಾಯಿ ಎಲ್ಲಿ ಅವೆ?"

"ಒದೆಯೋದು ಯಾವಾಗ ಕಲೀತೀಯ ಮಾವ?" ಎಂದು ನಾನೊಮ್ಮೆ ಕೆಣಕಿದೆ.

"ಬಗ್ಗಿ ಏಳೋ ಹೊತ್ಗೆ ಸಿಟ್ಟೇ ಇರಲ್ಲ ಕಣವ್ವ. ಇನ್ನ ಒದೆಯೋದು ಯಾರ್ನ?"



"ಹಂಗಾದ್ರೆ ದೊಡ್ಡಮಾವನ ಮುಂದೂ ಒಂದ್ಸಲ ಬಗ್ಗು" ಎಂದೆ. ಮಾವ ಮೊಬೈಲು ಜೇಬಿಗಿಟ್ಟು ಕುರಿ ಹೊಡೆದುಕೊಂಡು ಹೋದ.

ನನ್ನ ಮಗಳ ನಾಮಕರಣಕ್ಕೆ ಅಮ್ಮ ಧೈರ್ಯ ಮಾಡಿ ಇಬ್ಬರನ್ನೂ ಕರೆದಳು. ಕರೆದ ಮೇಲೆ ಅವಳಿಗೇ ನಡುಕ. ದೊಡ್ಡಮಾವ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕುಳಿತಿದ್ದ. ಚಿಕ್ಕಮಾವ ಬಂದವನೇ ನೇರ ಅವನ ಮುಂದೆ ಹೋಗಿ ನಿಂತ. ಗಾಬರಿಗೆ ಮುಷ್ಟಿ ಅಂಗೈಯಲ್ಲಿ ಹೊರಳಾಡುತ್ತಿತ್ತು. ಬಗ್ಗಿದವನು ಏಳಲೇ ಇಲ್ಲ.

ದೊಡ್ಡಮಾವನ ಕಣ್ಣು ಈಚೆಗೆ ಮಂಜು. ತಮ್ಮನ ಕೈಗಳನ್ನೇ ದಿಟ್ಟಿಸಿ ನೋಡಿ, ತನ್ನ ಅಂಗೈ ಚಾಚಿದ.

"ಹೊಗೆಸೊಪ್ಪು ತಿಕ್ತಾ ಇದ್ದೀಯೇನ್ಲೇ? ನಂಗೂ ಒಂಚೂರು ಹಾಕು."

ಹಿಂದೆ ಒಟ್ಟಿಗೆ ಕುರಿ ಕಾಯುವಾಗ ಹೊಗೆಸೊಪ್ಪಿಗೆ ಸುಣ್ಣ ಹಚ್ಚಿ ಅಂಗೈಯಲ್ಲಿ ತಿಕ್ಕಿ ಅಣ್ಣನಿಗೆ ಕೊಡುತ್ತಿದ್ದವನು ಇವನೇ. ಈಗ ಕೈಯಲ್ಲಿ ಏನೂ ಇರಲಿಲ್ಲ. "ಬಿಟ್ಬಿಟ್ಟೀನಣ್ಣ" ಎನ್ನಲು ಹೋದವನು, ಚಾಚಿದ ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತುಬಿಟ್ಟ. ನನಗೂ ಅಳು ತಡೆಯಲಾಗಲಿಲ್ಲ.

ಹೊಗೆಸೊಪ್ಪಿನ ವಾಸನೆಗೇ ಮೂಗು ಮುಚ್ಚಿಕೊಳ್ಳುವ ನನ್ನ ಅಮ್ಮ, ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾ, ಒಂದು ಎಸಳು ಕೇಳಿ ತರಲು ಪಕ್ಕದ ಮನೆಗೆ ಓಡಿದಳು.