ಅತ್ತಿಗೆಗೆ ಅಲಾಸ್ಕಾ ತೋರಿಸಿದ್ದು

"ನಮ್ಮ ಬೆಟ್ಟ, ನಮ್ಮ ಕಾಡು, ನಮ್ಮ ಕಡಲು! ಇವನ್ನು ನನಗಿಂತ ಚೆನ್ನಾಗಿ ತೋರಿಸಬಲ್ಲ ಗಂಡಸು ಈ ಅಲಾಸ್ಕಾ ಕರಾವಳಿಯಲ್ಲಿ ಇನ್ನೂ ಹುಟ್ಟಿಲ್ಲ!" ಎಂದು ನಾನು ಊಟದ ಮೇಜು ಗುದ್ದಿ ಘೋಷಿಸಿದೆ. ಉಪ್ಪಿನ ಡಬ್ಬಿ ಉರುಳಿತು.

"ಹುಟ್ಟಿದಾರೆ ರೀ," ಅಂದಳು ನನ್ನ ಹೆಂಡತಿ ವರ್ನಾ, ಚೆಲ್ಲಿದ ಉಪ್ಪು ಬಳಿಯುತ್ತಾ. "ಗಂಡಸಲ್ಲ, ಹೆಂಗಸು. ಜೋಲೀನ್ ಅಂತ. ಟೂರ್ ಬಸ್ಸಲ್ಲಿ ಮೈಕ್ ಹಿಡ್ಕೊಂಡು ನಿಂತಿರ್ತಾಳೆ."

ವಿಷಯ ಏನಪ್ಪಾ ಅಂದರೆ, ವರ್ನಾಳ ಅಕ್ಕ ಆರ್ಡಿತ್ ಮತ್ತು ನನ್ನ ಷಡ್ಡಕ ಡೆಲ್ಮರ್, ತಮ್ಮ ಮದುವೆಯ ವಾರ್ಷಿಕೋತ್ಸವಕ್ಕೆ ಅಂತ ಹಡಗಿನಲ್ಲಿ ಅಲಾಸ್ಕಾ ನೋಡಲು ಹೊರಟಿದ್ದರು. ಅವರದು ನೆಬ್ರಾಸ್ಕಾ. ಅಲ್ಲಿ ನೆಲ ದೋಸೆ ಹೆಂಚಿನ ಹಾಗೆ ಚಪ್ಪಟೆ. ಎತ್ತರದ ವಸ್ತು ಬೇಕೆಂದರೆ ಜೋಳದ ಕಣಜ ನೋಡಬೇಕು. ಹಡಗು ನಮ್ಮೂರಿಗೆ ಬೆಳಿಗ್ಗೆ ಬಂದು ಸಂಜೆ ಐದಕ್ಕೆ ಹೊರಡುತ್ತದೆ. ಆ ನಡುವಿನ ಸಮಯಕ್ಕೆ ಅತ್ತಿಗೆ ಬಸ್ಸಿನಲ್ಲಿ ಎರಡು ಸೀಟು ಕಾದಿರಿಸಿದ್ದರು. ನನ್ನ ಸ್ವಾಭಿಮಾನಕ್ಕೆ ಎಂಥಾ ಏಟು! ಆ ಕ್ಷಣವೇ ಫೋನ್ ಮಾಡಿದೆ.

"ಅತ್ತಿಗೆ, ಸ್ವಂತ ಮನುಷ್ಯ ಇಲ್ಲಿ ಕಲ್ಲುಗುಂಡಿನ ಹಾಗೆ ಕೂತಿರುವಾಗ ನೀವು ಬಸ್ಸಲ್ಲಿ ಹೋಗೋದೇ? ಕೇಳಿದವರು ಏನಂದಾರು?"

"ಹಾಗಲ್ಲ ಹಾಲ್ವರ್, ಬಸ್ಸಿನವರು ಕರಡಿ ತೋರಿಸ್ತಾರಂತೆ. ನನಗೆ ಒಂದೇ ಒಂದು ಕರಡಿ ನೋಡಬೇಕು ಅಂತ ಚಿಕ್ಕಂದಿನಿಂದ ಆಸೆ."

"ಕರಡಿನಾ? ಇಲ್ಲಿನ ಕರಡಿಗಳಿಗೆಲ್ಲ ನನ್ನ ಮುಖಪರಿಚಯ ಇದೆ! ರದ್ದು ಮಾಡಿ ಆ ಟಿಕೆಟ್ಟು!"

ಪಾಪ, ರದ್ದು ಮಾಡಿದರು.

"ಹಡಗು ತಪ್ಪಿಸಿದ್ರೆ ಮಾತ್ರ ನೋಡಿ," ಅಂತ ವರ್ನಾ ಬೆರಳೆತ್ತಿದಳು. "ಮುಂದಿನ ಊರಿಗೆ ರಸ್ತೆ ಇಲ್ಲ. ಮಂಜು ಬಿದ್ದರೆ ವಿಮಾನ ಹಾರಲ್ಲ. ಅಕ್ಕ ನಮ್ಮನೇಲೇ ಉಳೀತಾಳೆ."

ಅತ್ತಿಗೆ ಬಂಗಾರದಂಥ ಹೆಂಗಸು. ಆದರೆ ಸುಮ್ಮನೆ ಕೂರುವ ಜೀವ ಅಲ್ಲ. ಹಿಂದೊಮ್ಮೆ ಬಂದಿದ್ದಾಗ ನನ್ನ ಮೀನು ಹಿಡಿಯುವ ಸಾಮಾನಿನ ಕೋಣೆಯನ್ನು 'ಸ್ವಲ್ಪ ಒಪ್ಪ ಮಾಡಿ' ಹೋಗಿದ್ದರು. ನಾನು ಇವತ್ತಿಗೂ ಒಂದು ದೊಡ್ಡ ಗಾಳ ಹುಡುಕುತ್ತಿದ್ದೇನೆ!

ಆ ದಿನ ಬಂತು. ನಮ್ಮೂರಿಗಿಂತ ದೊಡ್ಡ ಹಡಗೊಂದು ನಮ್ಮೂರಿನ ದಕ್ಕೆಗೆ ಬಂದು ಒರಗಿತು. ಅತ್ತಿಗೆ ಹಳದಿ ಮಳೆಕೋಟಿನಲ್ಲಿ ಇಳಿದರು. ಹಿಂದೆ ಡೆಲ್ಮರ್, ಕಣ್ಣಿಗೆ ವಿಡಿಯೋ ಕ್ಯಾಮೆರಾ ಅಂಟಿಸಿಕೊಂಡು. ಆ ಮನುಷ್ಯ ಮಾತಾಡುವುದು ಅಪರೂಪ. ಮಾತೆಲ್ಲ ಅತ್ತಿಗೆಯ ಇಲಾಖೆ.

ನನ್ನ ಹಳೇ ನೀಲಿ ಕಾರು ಸಿದ್ಧವಾಗಿತ್ತು. ಹಿಂದಿನ ಸೀಟಿನ ಕೆಳಗೆ ನಾನೇ ಕೈಯಾರೆ ಆಲ್ಡರ್ ಸೌದೆಯ ಹೊಗೆಯಲ್ಲಿ ಒಣಗಿಸಿದ ಸಾಲ್ಮನ್ ಮೀನು, ಒಂದು ದೊಡ್ಡ ತಗಡಿನ ಡಬ್ಬಿ ತುಂಬಾ. ಅದರ ಪರಿಮಳ ಮೂರು ಬೀದಿ ದಾಟಿ ಹೋಗುತ್ತಿತ್ತು.

"ಆ ಡಬ್ಬಿ ಮನೇಲಿರ್ಲಿ ರೀ," ಅಂದಳು ವರ್ನಾ. "ಕಾಡಿಗೆ ಮೀನು ತಗೊಂಡು ಹೋಗೋರುಂಟೇ?"

"ಅತಿಥಿ ಸತ್ಕಾರ ಅಂದ್ರೆ ಏನು ಅಂತ ನಿನಗೇನು ಗೊತ್ತು?" ಅಂದು ಹೊರಟೇಬಿಟ್ಟೆ.

ಮೊದಲನೆಯದು ಬೆಟ್ಟ. ರಸ್ತೆ ತಿರುವಿನಲ್ಲಿ ಕಾರು ನಿಲ್ಲಿಸಿ, ಸಿಂಹಾಸನ ಇಳಿಯುವ ಮಹಾರಾಜನಂತೆ ಇಳಿದು, ಕೈ ಚಾಚಿದೆ.

"ಅಗೋ! ಹಿಮ ಹೊದ್ದ ಪರ್ವತರಾಜ!"

"ಎಲ್ಲಿ?" ಅಂದರು ಅತ್ತಿಗೆ.

"ಅದೇ... ಆ ಮೋಡದ ಹಿಂದೆ."

"ಯಾವ ಮೋಡ? ಎಲ್ಲಾ ಒಂದೇ ಮೋಡ ಅಲ್ವಾ?"

ನಿಜ. ಆಕಾಶ, ಬೆಟ್ಟ, ರಸ್ತೆ ಎಲ್ಲಾ ಸೇರಿ ಒಂದೇ ಬೂದಿ ಬಣ್ಣದ ಕಂಬಳಿ. ಡೆಲ್ಮರ್ ಆ ಕಂಬಳಿಯನ್ನೇ ಶ್ರದ್ಧೆಯಿಂದ ಚಿತ್ರೀಕರಿಸಿದರು.

ಎರಡನೆಯದು ಕಡಲು. ತಿಮಿಂಗಿಲಗಳು ಇದೇ ಕೊಲ್ಲಿಗೆ ಯಾಕೆ ಬರುತ್ತವೆ, ಹೇಗೆ ಉಸಿರು ಬಿಡುತ್ತವೆ ಅಂತ ಕಡಲಿಗೆ ಬೆನ್ನು ಹಾಕಿ ನಿಂತು ಒಂದು ದೊಡ್ಡ ಉಪನ್ಯಾಸ ಕೊಟ್ಟೆ. ಮೂವರೂ ಬಾಯಿ ತೆರೆದು ಕೇಳಿದರು. ನನ್ನ ಮಾತಿಗೆ ಇಷ್ಟು ಗೌರವವೇ ಅಂತ ಉಬ್ಬಿಹೋದೆ.

"ಎಷ್ಟು ದೊಡ್ಡದಿತ್ತಲ್ವಾ!" ಅಂದರು ಅತ್ತಿಗೆ.

"ಏನು?"

"ತಿಮಿಂಗಿಲ. ಈಗ ತಾನೇ ನಿನ್ನ ಹಿಂದೆ ಹಾರಿ ಮುಳುಗಿತು. ನಿನ್ನ ಮಾತು ತುಂಡು ಮಾಡಬಾರದು ಅಂತ ಸುಮ್ಮನಿದ್ವಿ."

ತಿರುಗಿದೆ. ನೀರಲ್ಲಿ ಗುಳ್ಳೆ ಮಾತ್ರ ಇತ್ತು.

ಇರಲಿ, ಕಾಡಿದೆಯಲ್ಲ! ನಮ್ಮೂರಿನ ಒಂದೇ ಒಂದು ರಸ್ತೆ ಕಾಡಿನೊಳಗೆ ಹತ್ತಿ ಹತ್ತಿ, ಕೊನೆಗೆ ಬೇಸರ ಬಂದು ಒಂದು ಬಯಲಿನಲ್ಲಿ ಮುಗಿದುಹೋಗುತ್ತದೆ. ಅಲ್ಲಿಂದ ಜಲಪಾತಕ್ಕೆ ಕಾಲುದಾರಿ. ಏರಿಗೆ ಮುಖ ಮಾಡಿ ಕಾರು ನಿಲ್ಲಿಸಿದೆ.

"ಲಾಕ್ ಮಾಡಿ," ಅಂದಳು ವರ್ನಾ.

"ನಮ್ಮೂರಲ್ಲಿ ಕಾರಿಗೆ ಯಾರಾದ್ರೂ ಬೀಗ ಹಾಕ್ತಾರೇನೇ? ಕಳ್ಳ ಕದ್ದರೂ ಎಲ್ಲಿಗೆ ಓಡಿಸ್ತಾನೆ? ರಸ್ತೆ ಮುಗಿದೇಹೋಯ್ತಲ್ಲ!"

ನನ್ನ ತಮಾಷೆಗೆ ನಾನೊಬ್ಬನೇ ನಕ್ಕು ಮುಂದೆ ನಡೆದೆ.

ಜಲಪಾತ ಚೆನ್ನಾಗಿತ್ತು. ಅದೊಂದನ್ನು ದೇವರೇ ಕಾಪಾಡಿದ. ಆದರೆ ಅತ್ತಿಗೆ ಪೊದೆ ಪೊದೆಯಲ್ಲೂ ಇಣುಕುತ್ತಿದ್ದರು. "ಎಲ್ಲಿ ಹಾಲ್ವರ್, ನಿನ್ನ ಪರಿಚಯದವರು ಯಾರೂ ಕಾಣಲ್ಲ?" ಎಂದು ಕೇಳಿದಾಗ ಅವರ ಮುಖದಲ್ಲಿ ತುಂಟತನ ಇತ್ತು. ಆದರೆ ವಾಪಸು ಹೊರಟಾಗ ಒಮ್ಮೆ ಹಿಂದಿರುಗಿ ನೋಡಿ, "ಹೋಗಲಿ ಬಿಡು, ಇನ್ನು ಈ ಕಡೆ ಬರೋದು ಎಲ್ಲಿ ಆಗುತ್ತೆ, ನಮಗೂ ವಯಸ್ಸಾಯ್ತು," ಅಂದರಲ್ಲ, ಆಗ ನಾನೂ ಒಂದೆರಡು ಪೊದೆ ಇಣುಕಿ ನೋಡಿದೆ. ಬಸ್ಸಿನಲ್ಲಿ ಹೋಗಿದ್ದರೆ ನೋಡುತ್ತಿದ್ದರೋ ಏನೋ.

ಅಷ್ಟರಲ್ಲಿ ದೂರದಿಂದ ಹಾರ್ನ್ ಸದ್ದು. ಪೋಂ! ಪೋಂ ಪೋಂ!

"ಅದು ನಮ್ಮ ಕಾರಿಂದಲ್ವಾ?" ಅಂದಳು ವರ್ನಾ.

ನಮ್ಮದೇ! ನೆಗಡಿ ಹಿಡಿದ ಬಾತುಕೋಳಿಯಂಥ ಹಾರ್ನ್ ಈ ಊರಲ್ಲಿ ಇನ್ಯಾರಿಗಿದೆ? ಓಡಿದೆ. ಕಾರಿನ ಗಾಜೆಲ್ಲ ಒಳಗಿನಿಂದ ಮಬ್ಬಾಗಿತ್ತು. ಚಾಲಕನ ಸೀಟಿನಲ್ಲಿ ಯಾರೋ ಕಪ್ಪು ಉಣ್ಣೆ ಕೋಟಿನ ದಪ್ಪ ಆಸಾಮಿ, ನನ್ನ ಸ್ಟಿಯರಿಂಗಿನ ಮೇಲೆ ಒರಗಿ, ಸಾವಕಾಶವಾಗಿ ಹಾರ್ನ್ ಒತ್ತುತ್ತಿದ್ದ. ಹಡಗಿನಿಂದ ಇಳಿದ ಯಾವನೋ ಅಧಿಕಪ್ರಸಂಗಿ! ನನಗೆ ಪಿತ್ತ ನೆತ್ತಿಗೇರಿತು. ಹೋದವನೇ ಗಾಜಿನ ಮೇಲೆ ಟಕಟಕ ಬಡಿದೆ.

"ಏನ್ರೀ! ಮಾನ ಮರ್ಯಾದೆ ಇದೆಯೇನ್ರೀ? ಇಳೀರಿ ಕೆಳಗೆ!"

ಆಸಾಮಿ ತಿರುಗಿ ನೋಡಿದ. ಉದ್ದ ಮೂತಿ. ಮೂತಿಯ ತುಂಬಾ ನನ್ನ ಸಾಲ್ಮನ್.

ಶಿವಪೂಜೆಯಲ್ಲಿ ಕರಡಿ ಬಿಟ್ಟಂತೆ ಅನ್ನುತ್ತಾರಲ್ಲ, ಇಲ್ಲಿ ಯಾರೂ ಬಿಡಬೇಕಾಗಿರಲಿಲ್ಲ. ಅದೇ ಬಾಗಿಲು ತೆಗೆದುಕೊಂಡು ಬಂದು ಕೂತಿತ್ತು! ಹಿಡಿಕೆ ಎಳೆದಿದೆ, ಒಳಗೆ ನುಗ್ಗಿದೆ, ಕಾರು ಏರಿನಲ್ಲಿತ್ತಲ್ಲ, ಬಾಗಿಲು ಹಿಂದಿನಿಂದ ತಾನೇ ಮುಚ್ಚಿಕೊಂಡಿದೆ. ಒಳಗಿನಿಂದ ತೆಗೆಯುವ ವಿದ್ಯೆ ಅದಕ್ಕೆ ಬರುತ್ತಿರಲಿಲ್ಲ.

ಆಮೇಲೆ ನಡೆದದ್ದನ್ನು ನಾನು ಹೇಳುವುದಕ್ಕಿಂತ ಬೇರೆಯವರು ಹೇಳುವುದೇ ಹೆಚ್ಚು. ನಾನು ಹೆಂಡತಿಯನ್ನು ದಾಟಿ, ಅತ್ತಿಗೆಯನ್ನು ದಾಟಿ, ಡೆಲ್ಮರ್ ಬೆನ್ನ ಹಿಂದೆ ನಿಂತಿದ್ದೆನಂತೆ. ನನಗೆ ನೆನಪಿರುವುದು ಅವರ ಕೋಟಿನ ಹೊಲಿಗೆ ಮಾತ್ರ.

"ಮುಖಪರಿಚಯ ಇದೆ ಅಂದಿದ್ರಿ?" ಅಂದಳು ವರ್ನಾ.

"ಇವನು ಹೊಸಬ!"

ಅತ್ತಿಗೆ ಮಾತ್ರ ಕಂಬದ ಹಾಗೆ ನಿಂತಿದ್ದರು. ಎರಡೂ ಕೈ ಗಲ್ಲದ ಮೇಲೆ, ಕಣ್ಣು ಕಾರಿನ ಮೇಲೆ. "ಡೆಲ್ಮರ್, ಅದರ ಕಿವಿ ನೋಡು... ಕಿವಿ ನೋಡು ಡೆಲ್ಮರ್..." ಅಂತ ಪಿಸುಗುಟ್ಟುತ್ತಿದ್ದರು.

ನನಗೋ ಕಿವಿಗಿಂತ ಗಡಿಯಾರದ ಚಿಂತೆ. ನಾಲ್ಕು ಗಂಟೆ ದಾಟಿತ್ತು! ಫೋನಿಗೆ ಸಿಗ್ನಲ್ ಇಲ್ಲ. ಕಾರಿನೊಳಗೆ ಕರಡಿ ಸೀಟಿನ ಹತ್ತಿಯನ್ನು ಹಿಮದ ಹಾಗೆ ಹಾರಿಸುತ್ತಿತ್ತು. ಹಡಗು ಹೋಗುತ್ತದೆ, ಅತ್ತಿಗೆ ಉಳಿಯುತ್ತಾರೆ, ನನ್ನ ಸಾಮಾನು ಕೋಣೆ ಮತ್ತೊಮ್ಮೆ ಒಪ್ಪವಾಗುತ್ತದೆ!

ಆಗ ಬಂತು ನೋಡಿ, ಏರು ಹತ್ತಿಕೊಂಡು, ಗಾಜು ಫಳಫಳ ಹೊಳೆಯುತ್ತಾ, ಟೂರ್ ಬಸ್ಸು.

ಬಯಲಿನ ಅಂಚಿಗೆ ಬಂದು ನಿಂತಿತು. ಕಿಟಕಿಗಳಲ್ಲೆಲ್ಲ ಮುಖಗಳು, ಮುಖಗಳ ಮುಂದೆಲ್ಲ ಫೋನುಗಳು. ಮೈಕಿನಲ್ಲಿ ಜೋಲೀನಳ ದನಿ ಕಾಡಿಗೆಲ್ಲ ಕೇಳಿತು:

"ಮಹನೀಯರೇ, ಬಲಗಡೆ ನೋಡಿ, ಕಪ್ಪು ಕರಡಿ. ಸಾಮಾನ್ಯವಾಗಿ ಇವು ನಡೆದುಕೊಂಡು ಹೋಗ್ತವೆ."

ಬಸ್ಸಿಗೆ ಬಸ್ಸೇ ಘೊಳ್ಳೆಂದಿತು. ಆ ಗದ್ದಲಕ್ಕೆ ಕರಡಿ ಬೆದರಿ ಒಳಗೇ ಒಂದು ಸುತ್ತು ತಿರುಗಿತು. ತಿರುಗುವಾಗ ಅದರ ಹಿಂಭಾಗ ಗೇರಿಗೆ ಬಡಿಯಿತು. ಹ್ಯಾಂಡ್ ಬ್ರೇಕ್ ಹಾಕುವುದು ಪುಕ್ಕಲರ ಲಕ್ಷಣ ಎಂದು ನಂಬಿದವನು ನಾನು. ಕಾರು ಒಮ್ಮೆ ನಿಟ್ಟುಸಿರು ಬಿಟ್ಟು, ಮೆಲ್ಲಗೆ ಹಿಂದಕ್ಕೆ ಹೊರಟಿತು!

"ರೀ, ಕಾರು!" ಅಂತ ವರ್ನಾ ಕಿರುಚಿದಳು.

ನಾನೇನು ಮಾಡಲಿ? ಲಿಫ್ಟ್ ಕೇಳಲೇ? ನನ್ನ ಸ್ವಂತ ಕಾರು, ನನ್ನ ಕಣ್ಣೆದುರೇ, ಕರಡಿಯನ್ನು ಕೂರಿಸಿಕೊಂಡು, ಪೋಂ ಪೋಂ ಅನ್ನುತ್ತಾ, ಬಸ್ಸಿನ ಪಕ್ಕದಲ್ಲೇ ಮದುವೆ ದಿಬ್ಬಣದ ಗತ್ತಿನಲ್ಲಿ ಸಾಗಿತು. ಕರಡಿ ಎರಡೂ ಮುಂಗೈ ಸ್ಟಿಯರಿಂಗಿನ ಮೇಲಿಟ್ಟು ಗಂಭೀರವಾಗಿ ಎದುರಿಗೆ ನೋಡುತ್ತಿತ್ತು. ಕೆಳಗಿನ ತಿರುವಿನಲ್ಲಿ ಪಾಚಿ ತುಂಬಿದ ಚರಂಡಿಗೆ ಹಿಂಬದಿ ಕೂತು ಕಾರು ನಿಂತಿತು. ಹಿಂದಿನ ಡಿಕ್ಕಿ ಬಾಗಿಲು ಫಟ್ಟನೆ ತೆರೆದುಕೊಂಡಿತು. ಕರಡಿ ಸೀಟು ದಾಟಿ ಹೊರಗಿಳಿಯಿತು. ಮೈ ಕೊಡವಿಕೊಂಡಿತು. ಮತ್ತೆ ಒಳಗೆ ತಲೆ ಹಾಕಿ ಮೀನಿನ ಡಬ್ಬಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಆಫೀಸು ಮುಗಿಸಿ ಬುತ್ತಿ ಹಿಡಿದು ಹೊರಟ ಗುಮಾಸ್ತನ ಹಾಗೆ ಕಾಡಿನೊಳಗೆ ನಡೆದುಹೋಯಿತು.

ಬಸ್ಸಿನಲ್ಲಿ ಚಪ್ಪಾಳೆಯೋ ಚಪ್ಪಾಳೆ! ಒಬ್ಬ ಅಜ್ಜಿ ಕಿಟಕಿಯಿಂದ ಬಗ್ಗಿ ನನಗೆ ಹೇಳಿದಳು: "ಎಷ್ಟು ಚೆನ್ನಾಗಿ ಕಲಿಸಿದ್ದೀಯಪ್ಪಾ! ತಿರುವಿನಲ್ಲಿ ಮಾತ್ರ ಇನ್ನೂ ಸ್ವಲ್ಪ ಅಭ್ಯಾಸ ಬೇಕು."

ನಾನು ತಲೆ ತಗ್ಗಿಸಿ ಅತ್ತಿಗೆಯ ಹತ್ತಿರ ಹೋದೆ. ಮಂಗಳಾರತಿಗೆ ಸಿದ್ಧನಾಗಿದ್ದೆ. "ಅತ್ತಿಗೆ, ತಪ್ಪಾಯ್ತು. ಬಸ್ಸಲ್ಲೇ ಬಿಡಬೇಕಿತ್ತು. ನನ್ನ ಜಂಬದಿಂದ ನಿಮ್ಮ ಹಡಗು..."

ಅವರು ನನ್ನನ್ನು ಬಾಚಿ ತಬ್ಬಿಕೊಂಡುಬಿಟ್ಟರು. ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಅಳುವೋ ನಗುವೋ ನನಗೂ ತಿಳಿಯಲಿಲ್ಲ, ಅವರಿಗೂ ತಿಳಿದಿರಲಿಕ್ಕಿಲ್ಲ.

"ಸುಮ್ಮನಿರೋ ಹುಚ್ಚಾ," ಅಂದರು. "ಬಸ್ಸಿನವರು ದೂರದಿಂದ ಒಂದು ಚುಕ್ಕೆ ತೋರಿಸಿ ಅದೇ ಕರಡಿ ಅನ್ನೋರು. ನೀನು ಮಾತಾಡಿಸಿ ತೋರಿಸಿದೆಯಲ್ಲೋ!"

ಆಗ ಡೆಲ್ಮರ್ ಆ ದಿನದ ಮೊದಲ ಮಾತು ಆಡಿದರು. ಕ್ಯಾಮೆರಾದ ಪುಟ್ಟ ಪರದೆಯನ್ನು ನನ್ನ ಕಡೆ ತಿರುಗಿಸಿ, "ಹಾಲ್ವರ್, ನೀನು ಓಡಿದ್ದು ಪೂರ್ತಿ ಸಿಕ್ಕಿದೆ. ವೇಗ ಇಳಿಸಿ ನೋಡಬೇಕು. ಹಾಗೇ ನೋಡಿದರೆ ನೀನು ಕಾಣಿಸೋದೇ ಇಲ್ಲ."

ಜೋಲೀನ್ ಇಳಿದು ಬಂದಳು. "ಹಡಗಿಗೆ ಯಾರಾದ್ರೂ ಬರೋರಿದ್ದೀರಾ? ಮೊದಲೇ ಇಬ್ಬರು ಟಿಕೆಟ್ ರದ್ದು ಮಾಡಿದ್ರು, ಎರಡು ಸೀಟು ಖಾಲಿ ಇದೆ."

"ಯಾರೋ ಬುದ್ಧಿ ಇಲ್ಲದವರು ರದ್ದು ಮಾಡ್ಸಿರಬೇಕು," ಅಂದಳು ವರ್ನಾ, ನನ್ನ ಕಡೆ ನೋಡದೆ.

ಅತ್ತಿಗೆ, ಡೆಲ್ಮರ್ ಕಿಟಕಿ ಪಕ್ಕ ಕೂತರು. ನಾವಿಬ್ಬರು ಬಾಗಿಲ ಮೆಟ್ಟಿಲ ಮೇಲೆ ಮುದುರಿಕೊಂಡೆವು. ಅರ್ಧ ದಾರಿಯಲ್ಲಿ ಮೋಡ ಸರಿದು ಪರ್ವತರಾಜ ದರ್ಶನ ಕೊಟ್ಟ. ಹಿಮದ ಮೇಲೆ ಇಳಿಬಿಸಿಲು ಬಿದ್ದಿತ್ತು. ಬಸ್ಸಿನ ಫೋನುಗಳೆಲ್ಲ ಆ ಕಡೆ ತಿರುಗಿದವು. ಬೆಳಿಗ್ಗೆ ನಾನು ಕೈ ಚಾಚಿದ್ದೆನಲ್ಲ, ಬೆಟ್ಟ ಇದ್ದದ್ದು ಅದರ ಎದುರು ದಿಕ್ಕಿನಲ್ಲಿ. ಆ ವಿಷಯ ಯಾರೂ ಎತ್ತಲಿಲ್ಲ. ದೊಡ್ಡ ಮನಸ್ಸಿನವರು.

ಹಡಗು ಹತ್ತುವ ಮುಂಚೆ ಅಕ್ಕ ತಂಗಿ ತಬ್ಬಿಕೊಂಡು ಅತ್ತರು. ಐದಕ್ಕೆ ಸರಿಯಾಗಿ ಹಡಗು ಕೂಗಿತು. ಮೇಲಿನ ಅಂತಸ್ತಿನಲ್ಲಿ ಹಳದಿ ಮಳೆಕೋಟೊಂದು ಕಣ್ಮರೆಯಾಗುವವರೆಗೂ ಕೈ ಬೀಸುತ್ತಲೇ ಇತ್ತು. ಸತ್ಯ ಹೇಳುತ್ತೇನೆ, ಇನ್ನೊಂದು ವಾರ ಇದ್ದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಮರುದಿನ ಕಾರನ್ನು ಎಳೆಸಿ ತಂದು ಮನೆ ಮುಂದೆ ನಿಲ್ಲಿಸಿದೆ. ಸೀಟುಗಳೆಲ್ಲ ಕಿತ್ತು ಬಂದಿದ್ದವು. ಬನಿಯನ್ನಿನಲ್ಲೇ ಒಳಗೆ ತೂರಿ, ನಾಲ್ಕು ಕಾಲಿನ ಮೇಲೆ ನಿಂತು, ಮೈಗೆಲ್ಲ ಹತ್ತಿ ಮೆತ್ತಿಕೊಂಡು, ಗೊಣಗುತ್ತಾ ಸೀಟು ಹೊಲಿಯುತ್ತಿದ್ದೆ. ಬೀದಿಯಲ್ಲಿ ಬಸ್ಸು ನಿಂತ ಸದ್ದಾಯಿತು. ಅವತ್ತು ಬೇರೆ ಹಡಗು, ಬೇರೆ ಜನ. ಮಬ್ಬು ಗಾಜಿನ ಆಚೆ ಫೋನುಗಳ ಸಾಲು ಕಂಡಿತು. "ಇದೇ ಆ ಕಾರು," ಅಂತ ಜೋಲೀನ್ ಹೇಳುವುದು ಕೇಳಿಸಿತು. ಯಾರೋ ದಯಾವಂತ ಹೆಂಗಸು ಕಿಟಕಿಯಿಂದ ನನ್ನ ಕಡೆಗೆ ಒಂದು ಬಿಸ್ಕತ್ತು ಚಾಚಿದಳು. ಬೆಳಗಿನಿಂದ ಏನೂ ತಿಂದಿರಲಿಲ್ಲ. ನಾನೂ ಬಾಗಿಲಿಂದ ಕೈ ಹೊರಗೆ ಚಾಚಿದೆ.

ಅಷ್ಟರಲ್ಲಿ ಅಡುಗೆಮನೆ ಕಿಟಕಿ ದಡ್ಡನೆ ತೆರೆಯಿತು.

"ಫೋಟೋ ಬೇಕಾದಷ್ಟು ತಗೊಳ್ಳಿ ತಾಯೀ," ಅಂತ ಕೂಗಿದಳು ವರ್ನಾ. "ತಿನ್ನೋಕೆ ಮಾತ್ರ ಏನೂ ಕೊಡಬೇಡಿ. ಒಂದು ಸಲ ರುಚಿ ಹತ್ತಿದ್ರೆ ಆಮೇಲೆ ಬಸ್ಸಿನ ಹಿಂದೇನೇ ಓಡಿ ಬರ್ತಾರೆ!"