ಅತ್ತೆಗೆ ಯಾವ ಕಡೆ ಲಕ್ವಾ?

ಮೀನಿನ ಊಟದ ಆಸೆಗೆ ಬಿದ್ದು ಪ್ರಬುದ್ಧ ತನ್ನ ಅತ್ತೆಗೆ ಲಕ್ವಾ ಹೊಡೆಸಿದ.

ಅತ್ತೆ ಭಾಗಮ್ಮ ಗುಂಡುಕಲ್ಲಿನಂತಿದ್ದಳು. ಹಿಂದಿನ ರಾತ್ರಿಯಷ್ಟೇ ಜೇವರ್ಗಿ ಕಡೆಯ ಕೊಳಕೂರಿನಿಂದ ಬಸ್ಸು ಬದಲಿಸಿ ಬದಲಿಸಿ, ಜೋಳದ ಚೀಲವನ್ನು ತಲೆಯ ಮೇಲೆ ಹೊತ್ತುಕೊಂಡು ಆಳಂದದ ಮಗಳ ಮನೆಗೆ ಬಂದಿದ್ದಳು. ಬೆಳಗಾಗುತ್ತಲೇ ಅಳಿಯನಿಗೆ ಗೆಳೆಯ ಸೈದಪ್ಪನ ಫೋನು ಬಂತು. ಸೊನ್ನದ ಬ್ಯಾರೇಜಿನ ಬಳಿ ಒಳ್ಳೇ ಮೀನು ಸಿಕ್ಕಿದೆ, ಹಳೇ ಗೆಳೆಯರೆಲ್ಲ ಕೂಡಿದ್ದೇವೆ, ನೀನೊಬ್ಬ ಬಂದರೆ ಒಲೆ ಹಚ್ಚುತ್ತೇವೆ ಎಂದ. ಪ್ರಬುದ್ಧನಿಗೆ ಕೂಡಲೇ ರಜೆ ಬೇಕಾಯಿತು.

ಅವನದು ಮನೆಯಲ್ಲೇ ಕುಳಿತು ಮಾಡುವ ಕೆಲಸ. ಎಲ್ಲೆಲ್ಲಿಯದೋ ಡಾಕ್ಟರರು ಬರೆದ ರೋಗಿಗಳ ವಿವರ ಓದಿ, ಆಯಾ ಕಾಯಿಲೆಗೆ ಸರಿಯಾದ ಕೋಡ್ ನಂಬರು ಹಾಕುವುದು. ಕಂಪನಿ ಇದ್ದದ್ದು ಕಲಬುರಗಿಯಲ್ಲಿ. ಅಲ್ಲಿನ ಟೀಮ್ ಲೀಡರ್ ಗುಲಫಶಾ ಬಹಳ ಕಟ್ಟುನಿಟ್ಟಿನ ಹೆಣ್ಣುಮಗಳು. ಬರೀ ಸ್ಟ್ರೋಕ್ ಎಂದು ಬರೆದರೆ ಆಕೆಗೆ ಸಾಲದು. ರಕ್ತದ ಹೆಪ್ಪು ಎಲ್ಲಿಂದ ಹೊರಟಿತು, ಮೆದುಳಿನಲ್ಲಿ ಎಲ್ಲಿ ಹೋಗಿ ಸಿಕ್ಕಿಕೊಂಡಿತು, ಎಡಕ್ಕೋ ಬಲಕ್ಕೋ ಎಂದು ಪೊಲೀಸರು ಕಳ್ಳನ ಜಾಡು ಹಿಡಿದಂತೆ ಕೇಳುತ್ತಿದ್ದಳು. ಮೆದುಳಿನ ಎಡಕ್ಕಾದರೆ ಬಲಗೈ ಬಲಗಾಲು ಬೀಳುತ್ತವೆ, ಮಾತೂ ಹೋಗುತ್ತದೆ; ಬಲಕ್ಕಾದರೆ ಎಡಗೈ ಎಡಗಾಲು ಬೀಳುತ್ತವೆ, ಮಾತು ಉಳಿಯುತ್ತದೆ. ಎಡಕ್ಕೊಂದು ನಂಬರು, ಬಲಕ್ಕೊಂದು ನಂಬರು. ತಪ್ಪಿದರೆ ವಿಮಾ ಕಂಪನಿಯಿಂದ ಆಸ್ಪತ್ರೆಯ ಬಿಲ್ಲೇ ವಾಪಸು.

ಆ ವಾರವೆಲ್ಲ ಪ್ರಬುದ್ಧನಿಗೆ ಬಂದದ್ದು ಸ್ಟ್ರೋಕಿನ ಕೇಸುಗಳೇ. ಹೀಗಾಗಿ ರಜೆಗೆ ಕಾರಣ ಹುಡುಕಿದಾಗ ಬೆರಳಿಗೆ ಅದೇ ಬಂತು. ಅತ್ತೆಗೆ ಹೋದ ವಾರ ಊರಲ್ಲಿ ಲಕ್ವಾ ಹೊಡೆಯಿತು, ಆಸ್ಪತ್ರೆಯಿಂದ ಬಿಡಿಸಿ ನಿನ್ನೆ ನಮ್ಮ ಮನೆಗೆ ಕರೆತಂದಿದ್ದೇವೆ, ಹೆಂಡತಿ ಮೈತ್ರಿ ಶಾಲೆಗೆ ಹೋಗುವುದರಿಂದ ನಾನೇ ನೋಡಿಕೊಳ್ಳಬೇಕು ಎಂದು ಬರೆದ. ಗುಲಫಶಾ ಮತ್ತೆ ಪ್ರಶ್ನೆ ಕೇಳಬಾರದೆಂದು ವಿವರವನ್ನೂ ಸೇರಿಸಿದ: ಹೃದಯದಲ್ಲಿ ಕಟ್ಟಿದ ಹೆಪ್ಪು ಮೆದುಳಿನ ಎಡಭಾಗಕ್ಕೆ ಹೋಗಿ ಕುಳಿತು, ಬಲಗೈ ಬಲಗಾಲು ಬಿದ್ದಿವೆ, ಮಾತು ನಿಂತಿದೆ. ಬರೆದದ್ದನ್ನು ಓದಿಕೊಂಡಾಗ ಅವನಿಗೇ ಅತ್ತೆಯ ಮೇಲೆ ಅಯ್ಯೋ ಅನಿಸಿತು.

ರಜೆ ಸಿಕ್ಕಿತು. ಅಂಗಿ ಬದಲಿಸಿ ಗಾಡಿ ಹತ್ತಿ ಅಫಜಲಪುರದ ರಸ್ತೆ ಹಿಡಿದ. ಊರ ಹೊರಗಿನ ಪೆಟ್ರೋಲ್ ಬಂಕಿನಲ್ಲಿ ನಿಂತಿದ್ದಾಗ ಗುಲಫಶಾಳ ಫೋನು.

“ನಾ ಇಲ್ಲೇ ಕಡಗಂಚಿಗಿ ಬಂದೇನ್ರಿ, ತಂಗೀದು ಯೂನಿವರ್ಸಿಟಿ ಕೆಲಸ ಇತ್ತು. ಇಷ್ಟು ದೂರ ಬಂದು ನಿಮ್ಮ ಅತ್ತೀನ ಮಾತಾಡಸ್ದೇ ಹೋದ್ರ ಛಲೋ ಅಲ್ಲ. ಅರ್ಧ ತಾಸಿನಾಗ ಬರ್ತೇನಿ.”

ಪ್ರಬುದ್ಧ ಬಂದ ದಾರಿಯಲ್ಲೇ ಗಾಡಿ ತಿರುಗಿಸಿದ. ಭಾಗಮ್ಮ ಅಂಗಳದಲ್ಲಿ ಜೋಳ ಹಸನು ಮಾಡುತ್ತ ಕುಳಿತಿದ್ದಳು. ಆಕೆ ಅವನ ಸೋದರತ್ತೆಯೂ ಹೌದು, ಎತ್ತಿ ಆಡಿಸಿದವಳು. ಅವನು ಕೈಮುಗಿದು ಎಲ್ಲ ಹೇಳಿದಾಗ ಬೈಯುತ್ತಾಳೆ ಅಂದುಕೊಂಡರೆ ಆಕೆಗೆ ಖುಷಿಯೇ ಆಯಿತು.

“ಮೂರು ಮಕ್ಕಳು ಹಡದಾಗೂ ನಾ ಹಗಲು ಹೊತ್ತು ಮಲಗಿದಾಕಿ ಅಲ್ಲ. ನೌಕರಿ ಉಳಿತದ ಅಂದ್ರ ಮಲಗ್ತೇನಿ ತಗೋ. ಹ್ಯಾಂಗ ಬೀಳಬೇಕು, ತೋರಸು.”

ಪ್ರಬುದ್ಧ ಎದುರಿಗೆ ನಿಂತು ತನ್ನ ಬಲಗೈಯನ್ನು ಸೋರೆಕಾಯಿಯಂತೆ ಜೋತುಬಿಟ್ಟ, ಬಲಗಾಲನ್ನು ಎಳೆದ, ಬಾಯಿ ಸೊಟ್ಟ ಮಾಡಿದ. ಮಾತು ಮಾತ್ರ ಬೇಡವೇ ಬೇಡ ಎಂದು ಎರಡೆರಡು ಸಲ ಹೇಳಿದ. ಭಾಗಮ್ಮ ಕನ್ನಡಿ ನೋಡಿಕೊಂಡವಳ ಹಾಗೆ ಅವನು ಮಾಡಿದ್ದನ್ನೆಲ್ಲ ಮಾಡಿ ತೋರಿಸಿ ಹೊರಸಿನ ಮೇಲೆ ಅಡ್ಡಾದಳು.

ಗುಲಫಶಾ ಒಬ್ಬಳೇ ಬರಲಿಲ್ಲ. ಲಕ್ವಾ ಹೊಡೆದ ಅಜ್ಜಿಯ ಮನೆ ಯಾವುದೆಂದು ಪಕ್ಕದ ಖುರ್ಷಿದಬೇಗಂಳನ್ನು ಕೇಳಿದ್ದಳು. ಸುದ್ದಿ ಕೇಳಿದ ಬೇಗಂ ಸೆರಗಿನಿಂದ ಕಣ್ಣೊರೆಸುತ್ತ ಹಿಂದೆಯೇ ಬಂದಳು. ಆಕೆಯ ಹಿಂದೆ ಗಂಡ ಲಾಡ್ಲೆಸಾಬ. ಅವನ ಕಂಕುಳಲ್ಲಿ ಜೀವಂತ ಪಾರಿವಾಳ.

ಗುಲಫಶಾ ಹೊರಸಿನ ಬಳಿ ಕುಳಿತು ಭಾಗಮ್ಮನ ಕೈ ಹಿಡಿದಳು. ಆಗಲೇ ಪ್ರಬುದ್ಧ ಅದನ್ನು ಗಮನಿಸಿದ. ಅತ್ತೆ ಜೋತುಬಿಟ್ಟಿದ್ದು ಎಡಗೈ. ಎದುರು ನಿಂತು ತೋರಿಸಿದ್ದರಿಂದ ಅವನ ಬಲ ಆಕೆಯ ಎಡಕ್ಕೆ ಹೋಗಿತ್ತು. ಕಣ್ಣಲ್ಲೇ ಸನ್ನೆ ಮಾಡಿದ. ಆಕೆಗೆ ಅರ್ಥವಾದದ್ದು ಇನ್ನಷ್ಟು ಬಾಯಿ ಸೊಟ್ಟ ಮಾಡು ಎಂದು.

ಅಷ್ಟರಲ್ಲಿ ಲಾಡ್ಲೆಸಾಬ ಮುಂದೆ ಬಂದು, ಪಾರಿವಾಳದ ಬಿಸಿ ರಕ್ತ ಹಚ್ಚಿ ತಿಕ್ಕಿದರೆ ಎಂಥ ಕೈಯೂ ಏಳುತ್ತದೆ, ಒಂದು ಚಾಕು ಕೊಡಿ ಎಂದ. ಭಾಗಮ್ಮ ಹಕ್ಕಿಯನ್ನು ನೋಡಿದಳು. ತಡೆಯಲಾಗಲಿಲ್ಲ.

“ಲಾಡ್ಲೆಸಾಬಣ್ಣ, ಅದರ ಜೀವ ತಗೊಂಡು ನನ್ನ ಕೈ ಏಳೋದು ಬ್ಯಾಡ. ಬಿಡು ಅದನ್ನ.”

ಮಾತು ಮುತ್ತಿನಂತೆ ಸ್ಪಷ್ಟವಾಗಿತ್ತು. ಪ್ರಬುದ್ಧ ಗೋಡೆಗೆ ಒರಗಿದ. ಲಾಡ್ಲೆಸಾಬ ಬೆಪ್ಪಾಗಿ ಹಕ್ಕಿಯನ್ನು ಬಾಗಿಲಾಚೆ ಹಾರಿಬಿಟ್ಟ. ಗುಲಫಶಾ ಮೊಬೈಲು ತೆಗೆದು ಪ್ರಬುದ್ಧ ಬರೆದದ್ದನ್ನು ಓದಿದಳು. ಬಲಗೈ ಎತ್ತಲು ಹೇಳಿದಳು, ಭಾಗಮ್ಮ ಎತ್ತಿದಳು. ಎಡಗೈ ಎತ್ತಲು ಹೇಳಿದಳು, ಅದು ಹೊರಸಿನಿಂದ ಕದಲಲಿಲ್ಲ. ಬಳಿಕ ಗುಲಫಶಾ ಎದ್ದು, ಸ್ವಲ್ಪ ಹೊರಗೆ ಬನ್ನಿ ಎಂದು ಪ್ರಬುದ್ಧನನ್ನು ಕರೆದಳು.

ಅಂಗಳಕ್ಕೆ ಬರುವಷ್ಟರಲ್ಲಿ ಅವನು ತಪ್ಪೊಪ್ಪಿಕೊಳ್ಳುವ ಮಾತನ್ನು ಹೊಂದಿಸಿಕೊಂಡಿದ್ದ. ಆದರೆ ಆಕೆಯೇ ಮೊದಲು ಮಾತಾಡಿದಳು.

“ನೋಡ್ರಿ ಪ್ರಬುದ್ಧ, ನಿಮ್ಮ ಅತ್ತೀದು ಬಿದ್ದಿದ್ದು ಎಡಗೈ, ಎಡಗಾಲು. ಮಾತು ಸ್ವಚ್ಛ ಅದ. ಅಂದ್ರ ಹೆಪ್ಪು ಹೋಗಿ ಕುಂತದ್ದು ಮೆದುಳಿನ ಬಲಕ್ಕ. ಆಕಿ ಕಾಯಿಲೆ ಒಂದಕ್ಕೊಂದು ಬರೋಬ್ಬರಿ ಕೂಡ್ತದ. ಕೂಡಲಾರದ್ದು ನೀವು ಬರದದ್ದು. ಕಣ್ಣ ಮುಂದ ಮಲಗಿದ ಅತ್ತೀದೇ ಎಡಬಲ ತಪ್ಪಿಸೀರಿ. ಮುಖಾನೇ ನೋಡದ ಮಂದೀದು ಏನೇನು ಬರದೀರೋ.”

ಪ್ರಬುದ್ಧ ಬಾಯಿ ತೆರೆದ. ಕಾಯಿಲೆಯೇ ಸುಳ್ಳು ಎಂದರೆ ನೌಕರಿ ಹೋಗುತ್ತದೆ. ಸುಮ್ಮನಿದ್ದರೆ ಎಡಬಲ ಗೊತ್ತಿಲ್ಲದವನು ಎಂಬ ಹೆಸರು ಬರುತ್ತದೆ. ಅವನು ಬಾಯಿ ಮುಚ್ಚಿದ.

ಗುಲಫಶಾ ಕಲ್ಲೆದೆಯವಳಲ್ಲ. ರಜೆ ರದ್ದು ಮಾಡಲಿಲ್ಲ. ಹೇಗೂ ಅತ್ತೆಯ ಪಕ್ಕದಲ್ಲೇ ಕೂರಬೇಕಲ್ಲ, ಈ ತಿಂಗಳು ಮಾಡಿದ ಸ್ಟ್ರೋಕಿನ ಕೇಸುಗಳನ್ನೆಲ್ಲ ಮೊದಲಿನಿಂದ ನೋಡಿ, ಎಡ ಬಲ ತಾಳೆ ಹಾಕಿ ಇವತ್ತೇ ಕಳಿಸಿ ಎಂದು ಹೇಳಿ ಆಟೋ ಹತ್ತಿದಳು.

ಒಳಗೆ ಖುರ್ಷಿದಬೇಗಂ ತಲೆದಿಂಬು ಸರಿಮಾಡಿ, ಬಿಸಿಬಿಸಿ ಗಂಜಿ ತರುತ್ತೇನೆಂದು ಎದ್ದಳು. ಗಂಡಹೆಂಡಿರು ಹೊಸ್ತಿಲು ದಾಟಿದ ಮೇಲೆ ಭಾಗಮ್ಮ ಒಂದು ಕಣ್ಣು ತೆರೆದು, ಆ ಮೇಡಂ ಏನಂದಳೆಂದು ಮೆಲ್ಲಗೆ ಕೇಳಿದಳು. ಪ್ರಬುದ್ಧ ಕಂಪ್ಯೂಟರ್ ಮುಂದೆ ಕುಸಿದು ಕುಳಿತು ಎಲ್ಲ ಹೇಳಿದ.

ಭಾಗಮ್ಮ ತೃಪ್ತಿಯಿಂದ ಕಾಲು ನೀಡಿದಳು.

“ಹಂಗಾದ್ರ ನಂದು ಬರೋಬ್ಬರಿನೇ ಇತ್ತಲ್ಲಪ್ಪ,” ಎಂದಳು. “ಇಷ್ಟು ಸಾಲಿ ಕಲ್ತು ತಪ್ಪಿದ್ದು ನೀನ.”